ನಗಾರಿಗೆ ಏಳದ ವೈರಸ್

ಕಬ್ಬು ಕಡಿಯುವ ಕೊಯ್ತಾ ನನ್ನ ಕುತ್ತಿಗೆಯ ಮೇಲಿತ್ತು. ಹಿಡಿದವನು ದೌಲತರಾಯ.

ಗಾಣಗಾಪುರದ ಲಾಡ್ಜಿನ ಹಿಂದೆ ನನ್ನದೇ ಜೀಪಿಗೆ ನನ್ನನ್ನು ಒತ್ತಿ ನಿಲ್ಲಿಸಿದ್ದ. ಭಯ ಆಗಬೇಕಿತ್ತು... ಆಗಲಿಲ್ಲ. ಕಾಣೆಯಾದವರನ್ನು ಹುಡುಕುವ ಕೆಲಸ ನನ್ನದು. ಇದರಲ್ಲಿ ಭಯ ಬೇಗ ಸವೆದುಹೋಗುತ್ತದೆ ನೋಡಿ.

"ನನ್ನ ತಮ್ಮನ ಬೆನ್ನ ಯಾಕ ಹತ್ತೀದಿ ಲೇ?"

"ಡಾಕ್ಟರ್ ಸುಲ್ತಾನಬಿ ಕಳಸ್ಯಾರ್ರಿ. ಅವನ ರಕ್ತದಾಗ ಎಚ್‌ಐವಿ ಅದ. ನಾಳೆ ಮದುವಿ!"

ತಮ್ಮ ಮಲ್ಕಪ್ಪ ಲಾರಿ ಡ್ರೈವರ್. ಪಕ್ಕದಲ್ಲೇ ಮಂಕಾಗಿ ನಿಂತಿದ್ದ. ಹುಡುಗಿ ಜೇವರ್ಗಿಯ ಶಿವಕಾಂತಾ. ಅವಳಿಗೆ ಏನೂ ಗೊತ್ತಿಲ್ಲ.

"ಸುಳ್ಳ! ಈಗ ದತ್ತನ ಗುಡಿಯಾಗ ಮಧ್ಯಾಹ್ನದ ಆರತಿಗೆ ಇವನ್ನ ನಿಲ್ಲಿಸಿದ್ದೆ. ನಗಾರಿ ಬಡದ ಕೂಡ್ಲೆ ಮೈಯಾಗ ದೆವ್ವ ಬಂದವರೆಲ್ಲಾ ಕಂಬ ಹತ್ತಿ ಚೀರಿದ್ರು. ಇವ ತುಟಿ ಪಿಟಕ್ ಅನ್ನಲಿಲ್ಲ. ಒಳಗ ಏನೂ ಇಲ್ಲ!"

"ಅದು ದೆವ್ವ ಅಲ್ರಿ ದೌಲತರಾಯ್ರ."

"ಮತ್ತೇನು?"

ಡಾಕ್ಟರ್ ನನಗೆ ಹೇಳಿದ್ದನ್ನೇ ಹೇಳಿದೆ.

"ರೋಗದ ಜೋಡಿ ಬಡದಾಡೋ ಬಿಳಿ ಕಣ ಇರ್ತಾವಲ್ರಿ, ಈ ವೈರಸ್ ಅದರೊಳಗ ಹೊಕ್ಕು ಮಲಗೇದ. ಕಣದ ಹೊರಮೈಗೆ ರಿಸೆಪ್ಟರ್ ಅಂತ ಕದ ಅದಾವ. ಬ್ಯಾರೆ ಜಡ್ಡು ಬಂದು ಕದ ಬಡೀತಂದ್ರ ಸುದ್ದಿ ಒಳಗ ಜೀನ್ ತನಕ ಹೋಗ್ತದ... 'ಏಳು, ಬಡದಾಡು' ಅಂತ. ಕಣ ಏಳ್ತದ. ಅದರ ಜೋಡಿ ವೈರಸ್ಸೂ ಏಳ್ತದ! ಆ ಕಣದ ಕೈಲೇ ತನ್ನಂಥವು ಸಾವಿರ ಮಾಡಿಸ್ಕೋತದ."

"ಅಲ್ಲೀತನ?"

"ಸುಮ್ಮನ ಇರ್ತದ. ಸುಮ್ಮನಿದ್ರೂ ಹೆಂಡ್ತಿಗೆ ಹತ್ತತದ."

ಮಲ್ಕಪ್ಪ ಮೊದಲ ಸಲ ಬಾಯಿಬಿಟ್ಟ.

"ನಗಾರಿ ಅದಕ್ಕ ಕೇಳಂಗಿಲ್ಲೇನ್ರಿ?"

"ಇಲ್ಲಪ್ಪ. ಮೈಯಾಗ ಜಡ್ಡು ಬಂದ್ರ ಕೇಳ್ತದ."

"ಮೊನ್ನಿಂದ ಜ್ವರ ಅದಾವ, ಅಣ್ಣಾ."

ಕೊಯ್ತಾ ಅಲುಗಿತು. ಅಷ್ಟೇ ಸಾಕಿತ್ತು!

ದೌಲತರಾಯನ ಮೊಣಕಾಲಿಗೆ ಒದ್ದೆ. ಜೀಪ್ ಹತ್ತಿದೆ. ಮಲ್ಕಪ್ಪ ಆಗಲೇ ಒಳಗಿದ್ದ.

"ಜೇವರ್ಗಿಗೆ ನಡೀರಿ," ಅಂದ.

ಹಿಂದೆ ದೌಲತರಾಯನ ಮೋಟಾರ್ ಸೈಕಲ್ ಗುಡುಗಿತು. ಕಲ್ಲು ಬಂತು... ಹಿಂದಿನ ಗಾಜು ಹೋಯಿತು! ತೊಗರಿ ಹೊಲದ ಬಂಡಿದಾರಿಗೆ ಜೀಪ್ ಇಳಿಸಿದೆ. ಹಸಿ ಎರೆಮಣ್ಣು. ಜೀಪ್ ತೆವಳಿಕೊಂಡು ದಾಟಿತು. ಮೋಟಾರ್ ಸೈಕಲ್ ಹೂತು ನಿಂತಿತು.

ಜೇವರ್ಗಿಯಲ್ಲಿ ಹಂದರ ಹಾಕಿದ್ದರು. ಶಿವಕಾಂತಾಳ ಅಪ್ಪ ಕಲ್ಯಾಣಪ್ಪ ನಗುತ್ತಾ ಎದುರು ಬಂದ.

"ಏನ್ ಅಳಿಯಂದಿರು, ಒಂದಿನ ಮೊದ್ಲೇ?"

"ಮಾವಾರ, ನನಗ ಎಚ್‌ಐವಿ ಅದರಿ. ಮದುವಿ ಬ್ಯಾಡ."

ಒಳಗೆ ಯಾರದೋ ಬಳೆಗಳ ಸದ್ದು ನಿಂತಿತು.

ಕಲ್ಯಾಣಪ್ಪನ ಕೈ ಎದ್ದಿತು. ಮಲ್ಕಪ್ಪನ ಕೆನ್ನೆಯ ಹತ್ತಿರ ಬಂದು ನಿಂತಿತು... ಮುಟ್ಟಲು ಹೆದರಿ, ತಿರುಗಿ ನನಗೆ ಬಿತ್ತು!

ಮುಟ್ಟಿದರೆ ಅಂಟುವುದಿಲ್ಲ ಎಂದು ಹೇಳಲು ನಾನು ಅವಸರ ಮಾಡಲಿಲ್ಲ.