ಹಂಗಾಮಿ ಡಾಕ್ಟರರ ಕಾಯಂ ಹುದ್ದೆ

ಹಂಗಾಮಿ ಡಾಕ್ಟರು ಎಂಬ ಹೆಸರು ಅಂಟಿಸಿದ್ದು ಸ್ವಂತ ಅತ್ತೆಯೇ. ಯೋಜನೆಯಿಂದ ಯೋಜನೆಗೆ ತಾತ್ಕಾಲಿಕ ಸಂಶೋಧಕನಾಗಿಯೇ ತಲೆ ನರೆಸಿಕೊಂಡ ಅಳಿಯನನ್ನು ನೆಂಟರಿಗೆ ತೋರಿಸಿ ಆಕೆ, "ನಮ್ಮಳಿಯ ಡಾಕ್ಟ್ರು... ಹಂಗಾಮಿ," ಎನ್ನುತ್ತಿದ್ದರು. ಆ ಹೆಸರು ಹೇಗೋ ವಿಶ್ವವಿದ್ಯಾಲಯವನ್ನೂ ತಲುಪಿತ್ತು.

ಈಗ ವಿಭಾಗದಲ್ಲಿ ಒಂದು ಕಾಯಂ ಸಂಶೋಧಕ ಹುದ್ದೆ ಬಂದಿತ್ತು. ವಯೋಮಿತಿಯ ಲೆಕ್ಕದಲ್ಲಿ ಅವರಿಗಿದು ಕಡೆಯ ಅವಕಾಶ. ಅರ್ಜಿಗಳನ್ನೆಲ್ಲ ಜರಡಿ ಹಿಡಿದಾಗ ಉಳಿದವರು ಇಬ್ಬರೇ: ಅವರು ಮತ್ತು ಪುಟ್ಟ ಮೇಡಂ. ಸೂಕ್ಷ್ಮದರ್ಶಕ ಹಿಡಿಯುವುದನ್ನು ಇವರಿಂದಲೇ ಕಲಿತ ಹುಡುಗಿ ಅವಳು. ಈಗ ಅವಳ ಪ್ರಬಂಧಗಳನ್ನು ಇವರು ಕದ್ದುಮುಚ್ಚಿ ಓದುತ್ತಿದ್ದರು, ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

"ಕೆಲ್ಸ ನಿಮ್ಗೇ ಸರ್. ನಾನು ಸುಮ್ನೆ ಲೆಕ್ಕಕ್ಕೆ," ಎಂದು ಅವಳು ನಗುತ್ತಿದ್ದಳು.

ಬೆಣ್ಣೆ ಮಾತು ಎಂದುಕೊಂಡರು ಡಾಕ್ಟರು.

ಸಂದರ್ಶನದ ದಿನ ಅವಳನ್ನು ತಡೆಯಲು ಅವರು ಹೂಡಿದ ಉಪಾಯದಲ್ಲಿ ರಕ್ತಪಾತವಿರಲಿಲ್ಲ. ಪುಟ್ಟ ಮೇಡಂ ಬೆಳಗ್ಗೆ ಬಂದವಳೇ ನೆಲಮಾಳಿಗೆಯ ಶೀತಲ ಕೋಣೆಗೆ ಹೋಗಿ ತನ್ನ ಮಾದರಿಗಳನ್ನು ನೋಡಿ ಬರುತ್ತಿದ್ದಳು. ಅದರ ದಪ್ಪ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಒಳಗಿನಿಂದಾದರೆ ಹಿಡಿ ತಿರುಗಿಸಿದರಷ್ಟೇ ತೆರೆಯುತ್ತದೆ. ಆ ಹಿಡಿಯ ತಿರುಪು ಸಡಿಲಿಸಿದರೆ ಮುಗಿಯಿತು, ಹಿಡಿ ಕೈಗೇ ಬರುತ್ತದೆ. ಹಳೆಯ ಕಟ್ಟಡದಲ್ಲಿ ತಿರುಪು ಸಡಿಲವಾಗುವುದಕ್ಕೆ ಯಾರನ್ನು ದೂರುವುದು? ಒಳಗೆ ಫೋನ್ ಸಿಗುವುದಿಲ್ಲ. ಕರೆಗಂಟೆ ಕೆಟ್ಟು ಎಷ್ಟೋ ಕಾಲವಾಗಿತ್ತು. ರಿಪೇರಿ ಮಾಡಿಸಿ ಎಂದು ದೂರು ಕೊಟ್ಟವರೂ ಡಾಕ್ಟರೇ. ಆ ಕೋಣೆ ನೋಡಿಕೊಳ್ಳುವ ಸಹಾಯಕ ರಜೆಯಲ್ಲಿದ್ದ. ಸಂದರ್ಶನ ಮುಗಿದ ಮೇಲೆ ತಾವೇ ಹೋಗಿ, "ಅಯ್ಯೋ ದೇವ್ರೇ!" ಎಂದು ಬಾಗಿಲು ತೆರೆಯುವುದು. ಕೆಲಸವೂ ಸಿಕ್ಕಿತು, ಪುಣ್ಯವೂ ಬಂತು. ಮಗು ನಡುಗಬಾರದೆಂದು ಒಳಗಿನ ಮೊಳೆಗೆ ಒಂದು ಉಣ್ಣೆಯ ಕೋಟು ಬೇರೆ ತೂಗುಹಾಕಿದರು. ತಮ್ಮ ಕರುಣೆಗೆ ತಮಗೇ ಕಣ್ಣು ತುಂಬಿ ಬಂತು.

ಎಲ್ಲವೂ ಅಂದುಕೊಂಡಂತೆ ನಡೆಯಿತು. ಮೆಟ್ಟಿಲ ಮೇಲೆ ನಿಂತಿದ್ದ ಅವರಿಗೆ ಬಾಗಿಲು ಧೊಪ್ಪೆಂದು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಮಹಡಿ ಹತ್ತಿ, ಟೈ ಸರಿಮಾಡಿಕೊಂಡು, ಸಂದರ್ಶನದ ಕೋಣೆಯ ಹೊರಗೆ ಕಾಲ ಮೇಲೆ ಕಾಲು ಹಾಕಿ ಕುಳಿತರು.

ಗುಮಾಸ್ತ ಬಂದು ಬಂದು ಇಣುಕಿದ. "ಪುಟ್ಟ ಮೇಡಂ ಬಂದ್ರಾ ಸರ್?"

"ಇಲ್ವಲ್ಲಪ್ಪ. ಫೋನೂ ಸಿಗ್ತಿಲ್ಲ. ಈಗಿನ ಮಕ್ಕಳಿಗೆ ಜವಾಬ್ದಾರಿನೇ ಇಲ್ಲ."

ಕಾದರು. ಒಳಗಿದ್ದ ಆಯ್ಕೆ ಸಮಿತಿಯವರೂ ಕಾದರು. ಕೊನೆಗೆ ಬಾಗಿಲು ತೆರೆದಾಗ ಡಾಕ್ಟರು ಎದ್ದು ನಿಂತು ನಮಸ್ಕರಿಸಿದರು. ಸಮಿತಿಯವರು ಚೀಲಗಳನ್ನು ಹೆಗಲಿಗೇರಿಸಿಕೊಂಡು, ಅವರಿಗೆ ತಲೆಯಾಡಿಸಿ, ನೇರವಾಗಿ ಮೆಟ್ಟಿಲಿಳಿದು ಹೋದರು. ಕೆಳಗೆ ಕಾರು ಹೊರಟ ಸದ್ದಾಯಿತು.

"ನನ್ನ ಸಂದರ್ಶನ?" ಎಂದರು ಡಾಕ್ಟರು, ಕೈ ಮುಗಿದಂತೆಯೇ.

"ಒಬ್ರೇ ಬಂದ್ರೆ ಮಾಡೋ ಹಾಗಿಲ್ಲ ಸರ್. ಕಮ್ಮಿ ಅಂದ್ರೂ ಇಬ್ರಿರ್ಬೇಕು, ಇಲ್ದಿದ್ರೆ ಹುದ್ದೆನೇ ರದ್ದು," ಎನ್ನುತ್ತ ಗುಮಾಸ್ತ ಬಾಗಿಲಿಗೆ ಬೀಗ ಹಾಕಿದ. "ಪುಟ್ಟ ಮೇಡಂಗೆ ಬೇರೆ ಕಡೆ ಕೆಲ್ಸ ಆಗಿ ವಾರ ಆಯ್ತು. ಆದ್ರೂ, 'ನಾನು ಬರ್ದಿದ್ರೆ ನಮ್ ಸರ್‌ಗೆ ಕೆಲ್ಸ ತಪ್ಪಿಹೋಗುತ್ತೆ, ಬಂದು ಕೂತು ಹೋಗ್ತೀನಿ' ಅಂತ ನಿನ್ನೆನೂ ಹೇಳಿ ಹೋದ್ರು. ಪಾಪ, ಎಲ್ಲಿ ಸಿಕ್ಕಿಹಾಕ್ಕೊಂಡ್ರೋ ಏನೋ."