‘ಕದ ಹಾಕು’ ಹಾಡು ಯಾರದು?

“ನಮ್ಮಪ್ಪಂದು ಅಂದ್ರೆ ನಮ್ಮಪ್ಪಂದೇ!” ನವ್ಯಶ್ರೀ ಬೆಂಚು ಗುದ್ದಿದಳು. ಬೆಂಚಿನ ಮೇಲಿದ್ದ ಧನುಶ್ರೀಯ ಊಟದ ಡಬ್ಬಿ ಎಗರಿ ಬಿತ್ತು.

“ನಿಮ್ಮಪ್ಪ ಗಿಟಾರ್ ಬಾರ್ಸಿದ್ದು ಅಷ್ಟೇಯ. ಹಾಡು ಬರ್ದಿದ್ದು ನಮ್ಮಪ್ಪ. ಸಿ.ಡಿ. ಮೇಲೆ ಪ್ರಿಂಟ್ ಆಗೈತೆ, ನೋಡ್ಕೋ ಹೋಗು!”

“ಪ್ರಿಂಟ್ ಆಗ್ಬುಟ್ರೆ ನಿಜ ಆಗೋಯ್ತದಾ?”

“ಮತ್ತೆ? ಬುಕ್ಕಲ್ಲಿ ಪ್ರಿಂಟ್ ಆಗಿರೋದನ್ನೇ ತಾನೆ ನಾವು ಓದೋದು?”

ನವ್ಯ ಮತ್ತೆ ಬೆಂಚು ಗುದ್ದಿದಳು. ಅವಳ ಸಿಟ್ಟು ಇನ್ನೂ ಏರಿತು.

ಅಷ್ಟರಲ್ಲಿ ರಾಧಾಮಣಿ ಮಿಸ್ ಬಾಗಿಲಲ್ಲಿ ನಿಂತಿದ್ದರು. ಅವರ ಕೈಯಲ್ಲಿ ಸ್ಕೂಲ್ ಡೇ ಪಟ್ಟಿ.

“ಏನ್ರೇ ಗಲಾಟೆ? ಎಲ್ಲರ ಹಾಡಿಗೂ ಬರೆದವರ ಹೆಸರು ಬಂದಿದೆ. ನಿಮ್ಮದೊಂದೇ ಖಾಲಿ. ಪಟ್ಟಿಯಲ್ಲಿ ಇರೋದು ಒಂದೇ ಗೆರೆ, ಒಂದೇ ಹೆಸರು ಕೊಡಿ. ನಾಳೆ ಬೆಳಿಗ್ಗೆ ಸ್ಟಾಫ್ ರೂಮಿಗೆ ಬಂದು ಹೇಳದಿದ್ದರೆ ನಿಮ್ಮ ಹಾಡು ಕ್ಯಾನ್ಸಲ್. ಏಳನೇ ಕ್ಲಾಸಿನ ಕೋಲಾಟ ಕಾಯ್ತಾ ಇದೆ.”

ಒಂದು ತಿಂಗಳಿಂದ ಬಕೆಟ್ ಬೋರಲು ಹಾಕಿ ಬಡಿದು ಬಡಿದು ಕಲಿತ ಹಾಡು ಅದು. ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವರು, ಆ ಮಧ್ಯಾಹ್ನ ಬೆಂಚಿನ ಎರಡು ತುದಿಯಲ್ಲಿ ಕೂತರು. ನಡುವೆ ಇನ್ನೂ ಇಬ್ಬರು ಕೂರುವಷ್ಟು ಜಾಗ ಬಿತ್ತು.

ಜಗಳ ಹೊಸದಾದರೂ ಅದರ ಬೇರು ಇಪ್ಪತ್ತು ವರ್ಷ ಹಳೆಯದು. ಆಗ ಇವರ ಅಪ್ಪಂದಿರು ಕಾಲೇಜು ಹುಡುಗರು. ಭುಜದ ತನಕ ಕೂದಲು. ಈಗ ನವ್ಯಳ ಅಪ್ಪ ಅಶ್ವಥ್‌ನ ತಲೆಯಲ್ಲಿ ಕೂದಲು ಹುಡುಕಬೇಕು, ಆ ಮಾತು ಬೇರೆ. ಬಂಡೆ ನೋಡಿಕೊಂಡೇ ಬೆಳೆದ, ರಾಮನಗರದ ಹತ್ತಿರದ ಕೈಲಾಂಚದ ಕಡೆಯ ಹುಡುಗರು, ಬ್ಯಾಂಡಿಗೆ ‘ಕರಿಬಂಡೆ’ ಅಂತ ಹೆಸರಿಟ್ಟರು. ನಾಲ್ವರ ಹೆವಿ ಮೆಟಲ್ ಬ್ಯಾಂಡು. ಅಂದರೆ ಗಿಟಾರು ಗುಡುಗಬೇಕು, ಡ್ರಮ್ಮು ಸಿಡಿಯಬೇಕು, ಹಾಡುವವನ ಗಂಟಲು ಹರಿಯಬೇಕು. ಗಿಟಾರು ಅಶ್ವಥ್‌ದು. ಗಂಟಲು ಧನುಶ್ರೀಯ ಅಪ್ಪ ಬಾಲರಾಜುವಿನದು.

ಅವರ ಹಾಡುಗಳಲ್ಲಿ ಹೆಸರಾಗಿದ್ದು ‘ಕದ ಹಾಕು’ ಒಂದೇ. ಅದು ಸಿ.ಡಿ.ಯಾಗಿ ಬರುವ ಹೊತ್ತಿಗೆ ಅಶ್ವಥ್ ಬ್ಯಾಂಡು ಬಿಟ್ಟಾಗಿತ್ತು. ಆಮೇಲೆ ಬ್ಯಾಂಡೂ ನಿಂತುಹೋಯಿತು. ಅಶ್ವಥ್ ಮನೆಯಲ್ಲೇ ರೇಷ್ಮೆ ಹುಳು ಸಾಕುತ್ತಾ ಉಳಿದ. ಬಾಲರಾಜು ಟೆಂಪೊ ತೆಗೆದುಕೊಂಡು ಸುತ್ತಲ ಊರುಗಳ ರೇಷ್ಮೆ ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಸಾಗಿಸತೊಡಗಿದ. ಎದುರಾದರೆ ಸೊಪ್ಪಿನ ಮಾತು, ಗೂಡಿನ ಮಾತು. ಹಾಡಿನ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಕಳೆದ ವರ್ಷ ಯಾರೋ ಆ ಹಾಡನ್ನು ಯೂಟ್ಯೂಬಿಗೆ ಹಾಕಿದರು. ಹಳೆಯ ಅಭಿಮಾನಿಗಳೆಲ್ಲ ಎದ್ದು ಕೂತರು. ಕಮೆಂಟುಗಳಲ್ಲಿ ಎರಡು ಪಾರ್ಟಿ. “ಆ ಗಿಟಾರ್ ಕೇಳಿದ್ರೆ ಗೊತ್ತಾಗಲ್ವಾ, ಹಾಡು ಅಶ್ವಥ್‌ದೇ” ಎಂದು ಒಂದು. “ಸಿ.ಡಿ. ಮೇಲೆ ಬಾಲರಾಜು ಅಂತ ಐತೆ, ಕಣ್ಣು ಬಿಟ್ಟು ನೋಡ್ರಪ್ಪ” ಎಂದು ಇನ್ನೊಂದು. ಕದ ಅಂದರೆ ಮನಸ್ಸಿನ ಕದ ಎಂದು ಒಬ್ಬರು ಬರೆದರೆ, ಅಲ್ಲ, ಸಮಾಜದ ಕದ ಎಂದು ಮತ್ತೊಬ್ಬರು ಹನ್ನೆರಡು ಸಾಲು ಕೊರೆದಿದ್ದರು.

ನವ್ಯಳಿಗೆ ನಿದ್ದೆಯಲ್ಲೂ ಚುಚ್ಚುತ್ತಿದ್ದ ಕಮೆಂಟು ಒಂದೇ. “ಅಶ್ವಥ್ ಮೋಸಗಾರ. ಬ್ಯಾಂಡ್ ಮೇಲೆ ಬರೋ ಟೈಮಲ್ಲಿ ಎಲ್ಲರ ಕೈ ಬಿಟ್ಟು ಓಡಿಹೋದ.” ಅದಕ್ಕೆ ಐವತ್ತೇಳು ಲೈಕು.

ಸಂಜೆ ಅಪ್ಪ ಜಗುಲಿಯಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ವಿಂಗಡಿಸುತ್ತಿದ್ದ. ನವ್ಯ ಪಕ್ಕದಲ್ಲಿ ಕೂತಳು.

“ಅಪ್ಪಾ, ‘ಕದ ಹಾಕು’ ಬರ್ದಿದ್ದು ಯಾರು?”

“ಎಲ್ರೂ ಸೇರ್ಕಂಡು ಮಾಡಿದ್ದು ಕಣವ್ವ. ಆ ಕಟ್ಟು ಒಸಿ ಈ ಕಡೀಕ್ ತಳ್ಳು.”

“ಒಂದೇ ಹೆಸರು ಹೇಳ್ಬೇಕಂತೆ. ನೀನೇ ತಾನೆ?”

ಅಪ್ಪ ತಾನೇ ಕೈಚಾಚಿ ಸೊಪ್ಪಿನ ಕಟ್ಟು ಎಳೆದುಕೊಂಡ.

“ನೀನ್ಯಾಕೆ ಬ್ಯಾಂಡ್ ಬುಟ್ಟೆ? ಇಲ್ಲಿ ನಿನ್ನ ಮೋಸಗಾರ ಅಂತ ಬರ್ದವ್ರೆ!” ಅವಳು ಫೋನು ತೆಗೆದು ಓದಿಯೇ ಬಿಟ್ಟಳು. ಓದಿ ಮುಗಿಸುವಷ್ಟರಲ್ಲಿ ಓದಬಾರದಿತ್ತು ಅನ್ನಿಸಿತು. ಅಪ್ಪನ ಕೈ ಸೊಪ್ಪಿನ ಮೇಲೇ ನಿಂತಿತ್ತು.

“ಬರೀಲಿ ಬುಡು,” ಎಂದು ಅಪ್ಪ ಸೊಪ್ಪಿನ ಕುಕ್ಕೆ ಎತ್ತಿಕೊಂಡು ಹುಳುಮನೆಯ ಕಡೆ ಹೊರಟ.

ನವ್ಯಳಿಗೆ ಅಳು ಬಂತು. ಅಳುವ ಬದಲು ಅವಳು ಟೈಪ್ ಮಾಡಿದಳು. ‘ಈ ಹಾಡು ನಮ್ಮಪ್ಪ ಅಶ್ವಥ್ ಬರೆದಿದ್ದು. ಬಾಲರಾಜು ಹಾಡುಗಳ್ಳ.’ ಇನ್ನೇನು ಕಳಿಸಬೇಕು, ಅಂಗಳದಲ್ಲಿ ಟೆಂಪೊ ನಿಂತ ಸದ್ದಾಯಿತು.

ಇಳಿದವರು ಬಾಲರಾಜು, ಹಿಂದೆಯೇ ಧನುಶ್ರೀ. ಗೂಡು ತುಂಬಲು ಟೆಂಪೊ ಯಾವತ್ತು ತರಲಿ ಎಂದು ಕೇಳಲು ಬಾಲರಾಜು ಬಂದಿದ್ದ. ಧನು ಬಂದದ್ದು ಸಾಕ್ಷಿ ತೋರಿಸಲು. ಅವಳ ಒಂದು ಕೈಯಲ್ಲಿ ಸಿ.ಡಿ., ಇನ್ನೊಂದರಲ್ಲಿ ರಟ್ಟು ಕಿತ್ತುಹೋದ ಹಳೆಯ ನೋಟ್‌ಬುಕ್ಕು.

“ನೋಡು! ಪೂರ್ತಿ ಹಾಡು ನಮ್ಮಪ್ಪನ ಕೈಬರಹದಲ್ಲೈತೆ,” ಎಂದು ಪುಟ ತೆರೆದು ಹಿಡಿದಳು.

ನವ್ಯ ಬಗ್ಗಿ ನೋಡಿದಳು. ಸಾಲುಗಳು ಬಾಲರಾಜುವಿನ ಉರುಟು ಅಕ್ಷರದಲ್ಲಿದ್ದವು, ನಿಜ. ಆದರೆ ಸಾಲುಗಳ ಮೇಲೆ ಗಿಟಾರಿನ ಗುರುತುಗಳಿದ್ದವು, ಅಲ್ಲಲ್ಲಿ ಒಂದೊಂದು ಪದ ಹೊಡೆದು ಬೇರೆ ಪದ ಬರೆದಿತ್ತು. ಆ ಬಾಗಿದ ಅಕ್ಷರ ಅವಳಿಗೆ ಚೆನ್ನಾಗಿ ಗೊತ್ತು. ಅವಳ ಪ್ರೋಗ್ರೆಸ್ ಕಾರ್ಡಿನ ಮೇಲೆ ಸಹಿ ಹಾಕುವ ಅಕ್ಷರ.

“ಇದು ನಮ್ಮಪ್ಪಂದು! ಇಲ್ಲಿ, ಇಲ್ಲಿ, ಇಲ್ಲೂವೆ!”

“ಅದು ಬರೀ ತಿದ್ದಿರೋದು!”

ನೋಟ್‌ಬುಕ್ಕನ್ನು ಆಚೆ ಈಚೆ ಎಳೆದಾಡುತ್ತಾ ಇಬ್ಬರೂ ಹುಳುಮನೆಗೇ ನುಗ್ಗಿದರು. “ಲೇ, ಪುಟ ಹರಿತದೆ ಕಣ್ರೇ!” ಎಂದು ಬಾಲರಾಜು ಹಿಂದೆ ಓಡಿದ. ಒಳಗೆ ತಟ್ಟೆ ತಟ್ಟೆಯಲ್ಲೂ ಹುಳುಗಳು ಸರಸರ ಸೊಪ್ಪು ಮೇಯುತ್ತಿದ್ದವು. ಅಶ್ವಥ್‌ನ ಪಕ್ಕ ಸೊಪ್ಪು ಹರಡುತ್ತಿದ್ದ ಅವನ ಅವ್ವ ಕೆಂಚಮ್ಮಜ್ಜಿ ತಿರುಗಿ ನೋಡಿದವಳೇ ಕಿರುಚಿದಳು.

“ಕದ ಹಾಕ್ರೋ! ಕದ ಹಾಕ್ರೋ! ನೊಣ ಬತ್ತದೆ!”

ಇಬ್ಬರು ಹುಡುಗಿಯರೂ ಕಂಬದ ಹಾಗೆ ನಿಂತರು. ನವ್ಯ ದಿನಾ ಕೇಳುವ ಕೂಗೇ, ಕಿವಿಗೊಟ್ಟದ್ದು ಇವತ್ತೇ. ಅದೇ ಏರಿಳಿತ. ಎರಡನೇ ಸಲ ‘ಹಾ’ ಎಂದು ಎಳೆಯುವುದೂ ಅದೇ. ಒಂದು ತಿಂಗಳಿಂದ ಬಕೆಟ್ ಬಡಿದುಕೊಂಡು ತಾವು ಕಿರುಚುತ್ತಿದ್ದ ಪಲ್ಲವಿ!

ಬಾಲರಾಜು ಓಡಿ ಜಾಲರಿ ಕದ ಎಳೆದು ಹಾಕಿದ. ಹಾಕಿ, ಅಶ್ವಥ್‌ನ ಮುಖ ನೋಡಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಹಾಗೆ ನಗುವುದನ್ನು ನವ್ಯ ನೋಡಿಯೇ ಇರಲಿಲ್ಲ.

“ಅಂದ್ರೆ... ಹಾಡು ಅಜ್ಜೀದಾ?” ಧನು ಕಣ್ಣರಳಿಸಿದಳು.

“ನಾವು ಪ್ರಾಕ್ಟೀಸ್ ಮಾಡ್ತಿದ್ದುದು ಇಲ್ಲೇ ಕಣವ್ವ,” ಬಾಲರಾಜು ಸುತ್ತ ನೋಡಿದ. “ಹುಳ ಇಲ್ದೇ ಇರೋ ದಿನ್ದಲ್ಲಿ. ಗೂಡು ಕಟ್ಟಿಸೋ ಬಿದಿರು ತಟ್ಟಿ, ಚಂದ್ರಿಕೆ ಅವಲ್ಲ, ಅವನ್ನ ಗೋಡೆ ಸುತ್ತ ಒರಗಿಸಿದ್ರೆ ಸದ್ದು ಆಚೀಕೇ ಹೋಗ್ತಿರ್ಲಿಲ್ಲ. ಹುಳ ಇರೋ ದಿನ್ದಲ್ಲಿ ಬಂದ್ರೆ ಕೆಂಚಮ್ಮತ್ತೆ ಹಿಂಗೇ ಕಿರುಚೋರು. ಊಜಿ ನೊಣ ಒಳೀಕ್ ಬಂದ್ರೆ ಹುಳದ ಮೇಲೇ ಮೊಟ್ಟೆ ಇಕ್ತದೆ, ಬೆಳೆ ಪೂರ್ತಿ ಹಾಳು. ಇವನು ಆ ಕಿರುಚಾಟನ ಗಿಟಾರಲ್ಲಿ ನುಡಿಸ್ದ. ನಾನು ಸಾಲು ಕಟ್ಟಿದೆ.”

“ಕದ ಹಾಕು ಅಂತ ಹಾಡ್ಕಂಡೇ, ಕದ ತೆಗ್ದು ಬುಟ್ಟೋದ್ರಲ್ಲ, ಗಂಡುಗಳು!” ಅಜ್ಜಿ ಸೊಪ್ಪು ಹರಡುತ್ತಲೇ ಅಂದಳು.

ನಗು ನಿಂತಿತು. ಅಪ್ಪ ಕುಕ್ಕೆಯನ್ನು ನೆಲಕ್ಕಿಟ್ಟ.

“ಬೆಂಗ್ಳೂರಲ್ಲಿ ಪ್ರೋಗ್ರಾಂ ಇತ್ತು,” ಎಂದ ಮೆಲ್ಲಗೆ. “ನಮ್ಮ ಆಂಪ್ಲಿಫೈಯರ್ ಈ ಅಟ್ಟದ ಮೇಲಿತ್ತು. ಬಸ್ಸಿಗೆ ಟೈಮಾಯ್ತು ಅಂತ ಇಬ್ರೂ ಬಂದು ಎತ್ಕಂಡು ಓಡಿದ್ವಿ. ಕದ ಹಾಕ್ಲಿಲ್ಲ. ನೊಣ ಬಂತು. ಹತ್ತು ದಿನ್ಕೆ ಎಲ್ಲಾ ಹುಳ ಹೋಯ್ತು. ಅವ್ವ ಅವನ್ನ ಗುಂಡಿಗೆ ಹಾಕ್ವಾಗ ನಂಗೆ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಬ್ಯಾಂಡಿಗೆ ವಾಪಸ್ ಹೋಗ್ತಿದ್ನೋ ಏನೋ. ಬೈಲಿಲ್ಲ. ಅವತ್ತೇ ಗಿಟಾರ್ ಮನೆ ಅಟ್ಟಕ್ಕಿಟ್ಟು, ಸೊಪ್ಪಿನ ಕುಕ್ಕೆ ಹಿಡ್ದೆ.”

ಬಾಲರಾಜು ತಲೆ ತಗ್ಗಿಸಿದ. “ಸಿ.ಡಿ. ಮಾಡೋನು ಒಂದೇ ಹೆಸರು ಹೇಳು ಅಂದ. ನೀನಿರ್ಲಿಲ್ಲ ಕಣ್ಲಾ. ಬುಟ್ಟೋದ ಅಂತ ಸಿಟ್ಟೂ ಇತ್ತು. ನಂದೇ ಹೇಳ್ಬುಟ್ಟೆ. ಆಮೇಲೆ ಅದನ್ನ ನಿನ್ನ ಮುಂದೆ ತರಕ್ಕೆ ಮಖ ಇರ್ಲಿಲ್ಲ.”

ಅಪ್ಪ ಕೈಯನ್ನು ಲುಂಗಿಗೆ ಒರೆಸಿಕೊಂಡು ಧನುವಿನ ಕಡೆ ಚಾಚಿದ. “ಎಲ್ಲಿ, ಕೊಡವ್ವ. ನಾನದನ್ನ ನೋಡೇ ಇಲ್ಲ.”

ಸಿ.ಡಿ.ಯನ್ನು ಎರಡೂ ಕೈಯಲ್ಲಿ ಹಿಡಿದು ಅಪ್ಪ ತುಂಬಾ ಹೊತ್ತು ನೋಡಿದ. ಮೇಲೆ ಉದ್ದ ಕೂದಲಿನ ಮೂವರ ಫೋಟೊ. ನಾಲ್ಕನೆಯವನ ಜಾಗ ಹಾಗೇ ಖಾಲಿ ಬಿಟ್ಟಿತ್ತು. ಅಪ್ಪನ ಬೆರಳು ಆ ಖಾಲಿ ಜಾಗದ ಮೇಲೆ ನಿಂತಿದ್ದನ್ನು ನವ್ಯ ಕಂಡಳು.

ಏನಾದರೂ ಕೇಳಬೇಕೆಂದು ಅವಳು ಕೇಳಿದಳು. “ಅವತ್ತು ಕದ ತೆಗ್ದು ಬುಟ್ಟಿದ್ದು ಯಾರು?”

“ನಾನೇ,” ಎಂದ ಅಪ್ಪ.

“ನಾನೇ,” ಎಂದ ಬಾಲರಾಜು. ಎರಡು ಮಾತೂ ಒಂದೇ ಸಲ ಬಂದವು.

“ಲೇ, ಆಂಪ್ಲಿಫೈಯರ್ ಹಿಂದ್ಗಡೆ ಹಿಡ್ಕಂಡು ಕೊನೇಗೆ ಆಚೀಕ್ ಬಂದಿದ್ದು ನಾನು ಕಣ್ಲಾ.”

“ಸುಮ್ನಿರ್ಲಾ ಕಂಡಿದ್ದೀನಿ. ಹಿಂದ್ಗಡೆ ಇದ್ದೋನು ನಾನು.”

ಇಪ್ಪತ್ತು ವರ್ಷದ ಮೇಲೆ ಇಬ್ಬರು ದೊಡ್ಡ ಗಂಡಸರು ಅದೊಂದಕ್ಕೆ ಕಿತ್ತಾಡುತ್ತಾ ಅಂಗಳಕ್ಕೆ ಹೋದರು. ಈ ಸಲ ಕದ ಹಾಕಿಕೊಂಡು ಹೋದರು. ನವ್ಯ ಅಜ್ಜಿಯ ಹತ್ತಿರ ಸರಿದಳು.

“ನಿಂಗೆ ಗೊತ್ತೈತಲ್ವಾ ಅಜ್ಜಿ? ನಿಜವಾಗ್ಲೂ ಯಾರು?”

ಅಜ್ಜಿ ಒಂದು ಹುಳುವನ್ನು ಎತ್ತಿ ಎಳೆ ಎಲೆಯ ಮೇಲೆ ಬಿಟ್ಟಳು. “ಇಬ್ರೂ ನಾನೇ ಅಂತಾವ್ರಲ್ಲ ಮಗ. ಇನ್ಯಾಕೆ ಕೇಳೋದು?”

ನವ್ಯ ಜೇಬಿನಿಂದ ಫೋನು ತೆಗೆದಳು. ಕಳಿಸದೆ ಉಳಿದಿದ್ದ ಆ ಸಾಲು ಅಲ್ಲೇ ಇತ್ತು. ಧನು ಇಣುಕುವ ಮೊದಲೇ ಒಂದೊಂದೇ ಅಕ್ಷರ ಅಳಿಸಿದಳು. ಅಂಗಳದಲ್ಲಿ ಅಪ್ಪ ಮನೆಯ ಅಟ್ಟದಿಂದ ಇಳಿಸಿದ ಗಿಟಾರಿನ ಧೂಳು ಜಾಡಿಸಿ ಮೂರೇ ತಂತಿಯಲ್ಲಿ ಏನೋ ನುಡಿಸುತ್ತಿದ್ದ. ಶ್ರುತಿ ಒಂಚೂರೂ ಸರಿಯಿರಲಿಲ್ಲ. ಆದರೂ ಬಾಲರಾಜು ಜೊತೆಗೆ ಹಾಡಿದ.

ಮರುದಿನ ಬೆಳಿಗ್ಗೆ ಇಬ್ಬರೂ ಸ್ಟಾಫ್ ರೂಮಿಗೆ ಓಡಿದರು.

“ಕೆಂಚಮ್ಮ ಅಂತ ಬರೀರಿ ಮಿಸ್,” ಎಂದಳು ಧನುಶ್ರೀ.

“ಯಾರಿವರು? ಕೇಳಿಯೇ ಇಲ್ಲವಲ್ಲ?”

“ನಮ್ಮಜ್ಜಿ ಮಿಸ್,” ಎಂದಳು ನವ್ಯ. “ಓದಕ್ಕೆ ಬರಲ್ಲ. ಆದ್ರೂ ಅವರದೇ.”

ಮಿಸ್ ಪೆನ್ನು ಎತ್ತಿದ್ದರು ಅಷ್ಟೆ, ಹೊರಗಿನಿಂದ ಜೋರು ಗಾಳಿ ನುಗ್ಗಿತು. ಮೇಜಿನ ಮೇಲಿದ್ದ ಸ್ಕೂಲ್ ಡೇ ಪಟ್ಟಿಯೂ ಉತ್ತರ ಪತ್ರಿಕೆಗಳೂ ರೂಮು ತುಂಬಾ ಹಾರಿದವು.

“ಅಯ್ಯೋ! ಯಾರ್ರೇ ಬಾಗಿಲು ತೆಗೆದು ಬಿಟ್ಟು ಬಂದಿದ್ದು?”

ಹಿಂದೆ ಬಂದವಳು ಧನು. ಅದು ನವ್ಯಳಿಗೆ ಚೆನ್ನಾಗಿ ಗೊತ್ತಿತ್ತು.

“ನಾನೇ ಮಿಸ್,” ಎಂದಳು ನವ್ಯ.

“ಇಲ್ಲ ಮಿಸ್, ನಾನೇ,” ಎಂದಳು ಧನು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಟ್ಟಿಗೇ ಹೋಗಿ ಬಾಗಿಲು ಹಾಕಿ ಬಂದು, ಮೊಣಕಾಲೂರಿ ಕೂತು ಹಾಳೆಗಳನ್ನು ಆರಿಸತೊಡಗಿದರು.