ಮೂರು ಹಲ್ಲು ಮುರಿದ ಗೇರ್

"ಅಣ್ಣಾ, ಸ್ವಲ್ಪ ಹೊರಗೆ ಬರ್ತೀರಾ?"

ಕಾರಿನ ಅಡಿಯಲ್ಲಿ ಮಲಗಿ ಬೋಲ್ಟ್ ಬಿಗಿಯುತ್ತಿದ್ದವಳಿಗೆ ಮೈಯೆಲ್ಲ ಉರಿದುಹೋಯಿತು. ಸ್ಪ್ಯಾನರ್ ಹಿಡಿದೇ ಸರ್ರನೆ ಹೊರಗೆ ಜಾರಿದಳು.

"ಅಣ್ಣ ಅಲ್ಲ!"

ಎದುರಿಗಿದ್ದವನು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದ. "ಅಯ್ಯೋ... ಕ್ಷಮಿಸಿ ಮೇಡಂ! ಬರೀ ಬೂಟು ಕಾಣ್ತಿತ್ತು..."

ಬಂದ ನಗುವನ್ನು ಅವಳು ನುಂಗಿಕೊಂಡಳು. ಅಪ್ಪನಿಗೆ ಬೆನ್ನುನೋವು ಹೆಚ್ಚಾದಾಗಿನಿಂದ ಗ್ಯಾರೇಜು ನಡೆಸುತ್ತಿರುವವಳು ಅವಳೇ. ಆದರೂ ಬಂದವರೆಲ್ಲ ಮೂಲೆಯಲ್ಲಿ ಪೇಪರ್ ಓದುತ್ತ ಕೂತ ಅಪ್ಪನನ್ನೇ ಮಾತಾಡಿಸುತ್ತಿದ್ದರು.

ಅವನು ತಂದಿದ್ದು ಮೂವತ್ತೈದು ವರ್ಷದ ಹಳೆಯ ಕಾರು. ಡ್ರೈವರ್ ಕಡೆಯ ಗಾಜು ಕೆಳಗಿಳಿದದ್ದು ಮೇಲೇರಲೊಲ್ಲದು. ಬಾಗಿಲಿನ ಒಳಹೊದಿಕೆ ಬಿಚ್ಚಿ ನೋಡಿದರೆ, ಗಾಜು ಎತ್ತುವ ಪುಟ್ಟ ಗೇರ್‌ನಲ್ಲಿ ಮೂರು ಹಲ್ಲು ಮುರಿದಿದ್ದವು.

"ಹಲ್ಲು ಹೋಗಿದೆ."

"ಹೌದಾ? ನಂದೂ ಹಲ್ಲಿನ ಕೆಲಸಾನೇ! ಹಲ್ಲಿನ ಸೆಟ್ ಮಾಡೋ ಲ್ಯಾಬ್ ಇದೆ."

"ಹಾಗಾದ್ರೆ ಇದಕ್ಕೂ ಒಂದು ಸೆಟ್ ಕಟ್ಟಿ," ಎಂದಳು ತಮಾಷೆಗೆ. "ಈ ಪಾರ್ಟ್ ಮಾಡೋದನ್ನ ಕಂಪನಿಯವರು ನಿಲ್ಲಿಸಿ ಹದಿನೈದು ವರ್ಷ ಆಯ್ತು."

ಅವನ ಮುಖ ಬಾಡಿತು.

"ಅಮ್ಮ ಡ್ರೈವಿಂಗ್ ಕಲಿತದ್ದೇ ಇದರಲ್ಲಿ. ಈಗಲೂ ಅವರೇ ಓಡಿಸ್ತಾರೆ. ಆದ್ರೆ ಧೂಳು ಬಿದ್ರೆ ಉಬ್ಬಸ... ಸರಿಹೋಗದಿದ್ರೆ ಈ ವಾರವೇ ಗುಜರಿಗೆ ಹಾಕ್ತೀನಿ ಅಂತಿದಾನೆ ಅಣ್ಣ." ಆಮೇಲೆ ಅವಳ ಕಣ್ಣನ್ನೇ ನೋಡಿ ಕೇಳಿದ, "ನಿಮ್ಮಿಂದ ಆಗುತ್ತಾ?"

ಅಪ್ಪನನ್ನಲ್ಲ... ಅವಳನ್ನೇ ಕೇಳಿದ್ದ!

"ಆಗುತ್ತೆ," ಎಂದುಬಿಟ್ಟಳು.

ಅವಳು ಊರಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದಳು. ಮುರಿದ ಗೇರ್‌ಗೆ ಬೆಸುಗೆ ಹಾಕಿ ನೋಡಿದಳು, ನಿಲ್ಲಲಿಲ್ಲ. ಅವನು ದಿನಾ ಸಂಜೆ ಬಂದು ಟಾರ್ಚ್ ಹಿಡಿದು ನಿಲ್ಲುತ್ತಿದ್ದ. ಅವಳು ಕೈ ಚಾಚಿದರೆ ಬೇಕಾದ ಸ್ಪ್ಯಾನರ್ ಬಿಟ್ಟು ಬೇರೆಯದನ್ನೇ ಕೊಡುತ್ತಿದ್ದ. ಅದಕ್ಕೇ ಇಬ್ಬರೂ ನಗುತ್ತಿದ್ದರು. ಸಂಜೆಯಾಗುತ್ತಲೇ ಅವಳ ಕಣ್ಣು ಗೇಟಿನ ಕಡೆ ಹೊರಳತೊಡಗಿತು.

ಗುರುವಾರ ಅವಳು ಗುಜರಿ ಅಂಗಡಿಯಿಂದ ಬರಿಗೈಯಲ್ಲಿ ಬಂದಾಗ ಬಿಚ್ಚಿ ತಟ್ಟೆಯಲ್ಲಿಟ್ಟಿದ್ದ ಗೇರ್ ಮಾಯ! ಅವನಿಗೆ ಫೋನ್ ಮಾಡಿದರೆ, ಸ್ವಿಚ್ ಆಫ್.

'ಬೇರೆ ಗ್ಯಾರೇಜಿಗೆ ಒಯ್ದಿದ್ದಾನೆ... ಇವನೂ ಎಲ್ಲರ ಹಾಗೇ! ಹುಡುಗಿ ಕೈಲಿ ಏನಾಗುತ್ತೆ ಅಂದ್ಕೊಂಡಿರಬೇಕು.'

ಗ್ರೀಸ್ ಮೆತ್ತಿದ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಅಪ್ಪ ಪೇಪರನ್ನು ಇನ್ನಷ್ಟು ಮೇಲೆತ್ತಿ ಹಿಡಿದರು.

ಶನಿವಾರ ಬೆಳಿಗ್ಗೆ ಅವನು ಬಂದ. ನಿದ್ದೆಗೆಟ್ಟ ಕಣ್ಣು, ಕೈಯಲ್ಲೊಂದು ಪುಟ್ಟ ಡಬ್ಬಿ.

"ಕಾರು ತಗೊಂಡು ಹೋಗಿ," ಎಂದಳು ತಿರುಗಿಯೂ ನೋಡದೆ. "ನಂಬಿಕೆ ಇಲ್ಲದ ಮೇಲೆ ಇಲ್ಲೇನು ಕೆಲಸ?"

"ಒಂದ್ಸಲ ಇದನ್ನ ನೋಡಿ..."

ಡಬ್ಬಿಯಲ್ಲಿ ಫಳಫಳ ಹೊಳೆಯುವ ಹೊಸ ಗೇರ್!

"ಚೆನ್ನಾಗಿದ್ದ ಹಲ್ಲಿನ ಅಚ್ಚು ತೆಗೆದು, ಮುರಿದ ಮೂರನ್ನ ಮೇಣದಲ್ಲಿ ಕಟ್ಟಿದೆ. ಆಮೇಲೆ ಹಲ್ಲಿನ ಕ್ಯಾಪ್‌ಗೆ ಹಾಕೋ ಲೋಹದಲ್ಲೇ ಇಡೀ ಗೇರ್ ಎರಕ ಹೊಯ್ದೆ. ಎರಡು ಸಲ ಕೆಟ್ಟೋಯ್ತು. ಫೋನ್ ಸತ್ತಿದ್ದೂ ಗೊತ್ತಾಗ್ಲಿಲ್ಲ."

"ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?"

"ನಿಮ್ಮಪ್ಪನ್ನ ಕೇಳಿದ್ದೆ..."

ಅವಳು ಗರಕ್ಕನೆ ಮೂಲೆಯತ್ತ ತಿರುಗಿದಳು. "ಅಪ್ಪಾ!"

ಪೇಪರ್ ಮೆಲ್ಲಗೆ ಕೆಳಗಿಳಿಯಿತು. "ಆಗದೇ ಹೋದ್ರೆ ನಿನಗೆ ಬೇಜಾರಾಗುತ್ತೆ, ಹೇಳ್ಬೇಡಿ ಅಂದ. ಮಾತು ಕೊಟ್ಬಿಟ್ಟಿದ್ದೆ ಪುಟ್ಟಿ."

"ತಪ್ಪಾಯ್ತು," ಎಂದ ಅವನು. "ನಿಮ್ಮನ್ನೇ ಕೇಳ್ಬೇಕಿತ್ತು."

ಅವಳು ಗೇರ್ ಎತ್ತಿಕೊಂಡಳು. ನಡುವಿನ ತೂತು ಕೂದಲೆಳೆಯಷ್ಟು ಬಿಗಿ. ಅರದಿಂದ ಉಜ್ಜಿದಳು, ಹಾಕಿ ನೋಡಿದಳು, ಮತ್ತೆ ಉಜ್ಜಿದಳು. ನಾಲ್ಕನೆಯ ಸಲ ಗೇರ್ ಸಲೀಸಾಗಿ ಕೂತಿತು.

"ತಿರುಗಿಸಿ."

ಅವನು ಕಾರಿನೊಳಗೆ ಕೂತು, ಬಾಗಿಲೆಳೆದುಕೊಂಡು ಹ್ಯಾಂಡಲ್ ತಿರುಗಿಸಿದ. ಗಾಜು ಒಂದೇ ಸಮನೆ ಮೇಲೇರಿ ಪೂರ್ತಿ ಮುಚ್ಚಿಕೊಂಡಿತು! ಗಾಜಿನಾಚೆ ಅವನು ಏನೋ ಹೇಳುತ್ತಿದ್ದ, ಒಂದೂ ಕೇಳಿಸಲಿಲ್ಲ. ನಗುತ್ತಲೇ ಬಾಗಿಲು ತೆಗೆದಳು.

"ಏನಂದ್ರಿ?"

ಅವನ ಕಿವಿ ಕೆಂಪಾಯಿತು. "ನಾಳೆಯಿಂದ ಇಲ್ಲಿಗೆ ಬರೋಕೆ ನೆಪವೇ ಇಲ್ವಲ್ಲ ಅಂದೆ... ನೀವಂದ್ರೆ ನನಗಿಷ್ಟ."

ಅವಳು ಅರವನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದಳು... ಅದು ಯಾವಾಗಲೋ ಚೊಕ್ಕವಾಗಿತ್ತು.

"ನಾಳೆ ನಿಮ್ಮಮ್ಮನ್ನ ಕರ್ಕೊಂಡು ಬನ್ನಿ."

"ಕಾರು ನೋಡೋಕಾ?"

"ಅಲ್ಲ..." ಅವಳು ತಲೆಯೆತ್ತಿದಳು. "ನನ್ನ ನೋಡೋಕೆ."